ಬೆಳ್ಳಿತೆರೆಯ ಮೇಲೊಬ್ಬ ಗಣಿತಜ್ಞ

ಪ್ರತಿಭೆಗೂ ಹುಚ್ಚಿಗೂ ನಡುವಣ ಅಂತರ ಕೂದಲೆಳೆಯಷ್ಟೇ ಎಂಬ ಮಾತು ಲೋಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಹುಡುಗನೊಬ್ಬ ಲೆಕ್ಕದಲ್ಲಿ ಮೈಮರೆತು ಊಟದ ಹೊತ್ತನ್ನು ಮೀರಿದನೆಂದರೆ, "ಅಷ್ಟೊಂದು ಓದಬೇಡಪ್ಪಾ, ತಲೆ ಕೆಟ್ಟೀತು" ಎಂದು ಹಿರಿಯರು ಎಚ್ಚರಿಸುವುದನ್ನು ನಾವೆಲ್ಲರೂ ಕೇಳಿದ್ದೇವೆ. ಈ ನಂಬಿಕೆಯಲ್ಲಿ ಸತ್ಯಾಂಶವೆಷ್ಟು? ಅತಿಶಯವಾದ ಬುದ್ಧಿಶಕ್ತಿಯೇ ಮನಸ್ಸಿನ ರೋಗಕ್ಕೆ ಕಾರಣವಾಗುವುದೆ? ಅಥವಾ ರೋಗವೇ ಪ್ರತಿಭೆಯನ್ನು ಹುಟ್ಟಿಸುವುದೆ? ಈ ಪ್ರಶ್ನೆಗಳನ್ನು ಕೋಟ್ಯಂತರ ಪ್ರೇಕ್ಷಕರ ಮುಂದೆ ತಂದಿರಿಸಿದುದು ಒಂದು ಚಲಚ್ಚಿತ್ರ.

೨೦೦೧ನೆಯ ಇಸವಿಯ ಕೊನೆಯಲ್ಲಿ ಅಮೆರಿಕದಲ್ಲಿ ತೆರೆಕಂಡ ಈ ಚಿತ್ರದ ಹೆಸರು "ಎ ಬ್ಯೂಟಿಫುಲ್ ಮೈಂಡ್". ಎಂದರೆ "ಒಂದು ಸುಂದರ ಮನಸ್ಸು". ಗಣಿತಜ್ಞ ಜಾನ್ ನ್ಯಾಷರ ಜೀವನವೇ ಅದರ ವಸ್ತು. ಸಿಲ್ವಿಯಾ ನಾಸರ್ ಎಂಬ ಲೇಖಕಿ ೧೯೯೮ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯನ್ನು ಆಧಾರವಾಗಿಟ್ಟುಕೊಂಡು ಅಕೀವಾ ಗೋಲ್ಡ್ಸ್‌ಮನ್ ಚಿತ್ರಕಥೆಯನ್ನು ಬರೆದರು; ರಾನ್ ಹೊವಾರ್ಡ್ ನಿರ್ದೇಶಿಸಿದರು. ರಸಲ್ ಕ್ರೋ ನ್ಯಾಷರ ಪಾತ್ರವನ್ನೂ, ಜೆನಿಫರ್ ಕಾನೆಲಿ ಅವರ ಪತ್ನಿ ಅಲಿಸಿಯಾರ ಪಾತ್ರವನ್ನೂ ವಹಿಸಿದರು. ೨೦೦೨ರಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ಚಿತ್ರ, ನಿರ್ದೇಶನ, ಆಧಾರಿತ ಚಿತ್ರಕಥೆ ಮತ್ತು ಪೋಷಕ ನಟಿ ಎಂಬ ನಾಲ್ಕು ಪಾರಿತೋಷಕಗಳು ಅದಕ್ಕೆ ಸಂದುವು.

ಚಿತ್ರವು ಮನೋಹರವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಹೇಳುವ ಗಣಿತ ಸರಿಯೆ? ಅದು ತೋರಿಸುವ ರೋಗ ನಿಜವಾದ ರೋಗವೆ? ವಿಜ್ಞಾನದ ವಿದ್ಯಾರ್ಥಿಗಳಾದವರು ಇದನ್ನು ಕೇಳಲೇಬೇಕು. ಆದುದರಿಂದ ನ್ಯಾಷರ ನಿಜಜೀವನವನ್ನು ಮೊದಲು ತಿಳಿದುಕೊಂಡು, ಅನಂತರ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡೋಣ.

ಬ್ಲೂಫೀಲ್ಡಿನ ಬಾಲಕ

ಜಾನ್ ಫೋರ್ಬ್ಸ್ ನ್ಯಾಷರು ಹುಟ್ಟಿದುದು ೧೯೨೮ನೆಯ ಜೂನ್ ೧೩ರಂದು, ಪಶ್ಚಿಮ ವರ್ಜಿನಿಯಾ ಸಂಸ್ಥಾನದ ಬ್ಲೂಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ವಿದ್ಯುತ್ ಕಂಪೆನಿಯಲ್ಲಿ ಇಂಜಿನಿಯರು; ತಾಯಿ ಮದುವೆಗೆ ಮುನ್ನ ಶಾಲೆಯ ಉಪಾಧ್ಯಾಯಿನಿ. ಗಣಿತಜ್ಞರ ಜೀವನಗಳನ್ನು ಕುರಿತು ಇ. ಟಿ. ಬೆಲ್ ಬರೆದ ಪುಸ್ತಕವೊಂದು ಪ್ರೌಢಶಾಲೆಯಲ್ಲಿದ್ದಾಗ ಅವರ ಕೈಗೆ ಸಿಕ್ಕಿತು. ಅದನ್ನೋದಿದ ಹುಡುಗ, ಫರ್ಮಾ ಎಂಬ ಫ್ರೆಂಚ್ ಗಣಿತಜ್ಞನ ಒಂದು ಪ್ರಮೇಯವನ್ನು ತಾನೇ ಸಾಧಿಸಿ ನೋಡಿದನು. ಆ ಪ್ರಮೇಯ ಸುಲಭವಾಗಿದೆ. ಯಾವುದಾದರೊಂದು ಸಂಖ್ಯೆಯನ್ನು ತೆಗೆದುಕೊಂಡು, ಒಂದು ಅವಿಭಾಜ್ಯ ಸಂಖ್ಯೆ ಎಷ್ಟೋ ಅಷ್ಟು ಸಲ ಬರೆದು ಗುಣಿಸಿರಿ. ಬಂದ ಗುಣಲಬ್ಧದಿಂದ ಮೊದಲಿನ ಸಂಖ್ಯೆಯನ್ನು ಕಳೆಯಿರಿ. ಉಳಿದುದು ಆ ಅವಿಭಾಜ್ಯ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಉದಾಹರಣೆಗೆ ೨ನ್ನು ೭ ಸಲ ಬರೆದು ಗುಣಿಸಿದರೆ ೧೨೮; ಅದರಿಂದ ೨ ಕಳೆದರೆ ೧೨೬; ಇದು ೭ರ ೧೮ರಷ್ಟು. ಉದಾಹರಣೆಗಳನ್ನು ಪರೀಕ್ಷಿಸುವುದು ಯಾರಿಗಾದರೂ ಸಾಧ್ಯ. ಎಲ್ಲ ಸಂಖ್ಯೆಗಳಿಗೂ ಇದು ಹೊಂದುವುದೆಂದು ಸಾಧಿಸುವುದೇ ಗಣಿತ. ಆ ರುಚಿ ಹುಡುಗನಿಗೆ ಹತ್ತಿತು.

ಪಿಟ್ಸ್‌ಬರ್ಗಿನ ಕಾರ್ನೆಗಿ ತಂತ್ರಶಾಸ್ತ್ರ ಸಂಸ್ಥೆಯನ್ನು ಸೇರಿದಾಗ ನ್ಯಾಷರು ಆರಿಸಿಕೊಂಡುದು ರಾಸಾಯನಿಕ ಇಂಜಿನಿಯರಿಂಗ್. ಅಲ್ಲಿಂದ ರಸಾಯನಶಾಸ್ತ್ರಕ್ಕೂ, ರಸಾಯನಶಾಸ್ತ್ರದಿಂದ ಗಣಿತಕ್ಕೂ ಹೊರಳಿದರು. ಅದೇ ಕಾಲದಲ್ಲಿ ಅಂತರರಾಷ್ಟ್ರೀಯ ಅರ್ಥಶಾಸ್ತ್ರದ ಒಂದೇ ಒಂದು ಪಾಠಕ್ರಮವನ್ನು ಅಭ್ಯಾಸ ಮಾಡಿದರು. ಇಬ್ಬರು ಚೌಕಾಶಿಗೆ ಕುಳಿತಾಗ ಯಾವ ಹಂಚಿಕೆಯನ್ನು ನ್ಯಾಯವೆನ್ನಬಹುದು ಎಂಬ ಆಲೋಚನೆ ಅವರಲ್ಲಿ ಮೊಳೆತುದು ಅಲ್ಲಿಯೇ. ೧೯೪೮ರಲ್ಲಿ ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಕ್ಕೆ ಬಂದರು.

ಇಬ್ಬರು ಎಳನೀರು ವ್ಯಾಪಾರಿಗಳು

ಆಗ ಪ್ರಿನ್ಸ್‌ಟನ್ನಿನಲ್ಲಿ ಹೊಸದೊಂದು ಶಾಸ್ತ್ರ ಬೆಳೆಯುತ್ತಿದ್ದಿತು. ಅದೇ ಆಟಗಳ ಸಿದ್ಧಾಂತ. ಚದುರಂಗ, ಇಸ್ಪೀಟು ಮಾತ್ರವಲ್ಲ, ಒಬ್ಬನ ಲಾಭನಷ್ಟ ಇನ್ನೊಬ್ಬನ ನಡೆಯನ್ನು ಅವಲಂಬಿಸಿರುವ ಯಾವ ಸಂದರ್ಭವಾದರೂ ಈ ಶಾಸ್ತ್ರದ ದೃಷ್ಟಿಯಲ್ಲಿ ಒಂದು ಆಟವೇ. ಜಾನ್ ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞರು, ನ್ಯಾಷರು ಹುಟ್ಟಿದ ೧೯೨೮ರಲ್ಲಿಯೇ ಇದರ ಮೊದಲ ಮುಖ್ಯ ಪ್ರಮೇಯವನ್ನು ಸಾಧಿಸಿದ್ದರು. ೧೯೪೪ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನರೊಡನೆ ಕೂಡಿ ದೊಡ್ಡ ಗ್ರಂಥವೊಂದನ್ನೂ ಪ್ರಕಟಿಸಿದ್ದರು. ಆದರೆ ಆ ಪ್ರಮೇಯ ಇಬ್ಬರೇ ಆಡುವ, ಒಬ್ಬನು ಗೆದ್ದುದನ್ನೆಲ್ಲ ಇನ್ನೊಬ್ಬನು ಕಳೆದುಕೊಳ್ಳುವ ಆಟಗಳಿಗೆ ಸೀಮಿತವಾಗಿದ್ದಿತು. ಲೋಕವ್ಯವಹಾರ ಹಾಗಿಲ್ಲವಷ್ಟೆ. ಇಲ್ಲಿ ಆಡುವವರು ಹಲವರು. ಎಲ್ಲರೂ ಗೆಲ್ಲಬಹುದು, ಎಲ್ಲರೂ ಸೋಲಲೂಬಹುದು. ಅಂತಹ ಆಟಗಳಲ್ಲಿ ನೆಲೆನಿಲ್ಲುವ ಸ್ಥಿತಿ ಯಾವುದು? ಈ ಪ್ರಶ್ನೆಗೆ ಉತ್ತರವಿತ್ತವರು ನ್ಯಾಷರು.

ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಬಸ್ ನಿಲ್ದಾಣವೊಂದರ ಮುಂದೆ ಇಬ್ಬರು ಎಳನೀರು ಮಾರುತ್ತಾರೆನ್ನಿ. ಪ್ರತಿಯೊಬ್ಬನೂ ಹೆಚ್ಚು ಬೆಲೆಯನ್ನೋ ಕಡಿಮೆ ಬೆಲೆಯನ್ನೋ ಇಡಬಹುದು. ಇಬ್ಬರೂ ಹೆಚ್ಚು ಬೆಲೆಯಿಟ್ಟರೆ ದಿನಕ್ಕೆ ತಲಾ ೪೦೦ ರೂಪಾಯಿ ಲಾಭ. ಒಬ್ಬನು ಮಾತ್ರ ಬೆಲೆ ಇಳಿಸಿದರೆ ಗಿರಾಕಿಗಳೆಲ್ಲ ಅವನತ್ತ ಸರಿದು ಅವನಿಗೆ ೫೦೦, ಇನ್ನೊಬ್ಬನಿಗೆ ೧೫೦. ಇಬ್ಬರೂ ಇಳಿಸಿದರೆ ತಲಾ ೨೫೦. ಈಗ ಒಬ್ಬನ ಸ್ಥಾನದಲ್ಲಿ ನಿಂತು ಯೋಚಿಸಿರಿ. ಎದುರಿನವನು ಹೆಚ್ಚು ಬೆಲೆಯಿಟ್ಟಿದ್ದರೆ, ನಾನು ಇಳಿಸಿದಾಗ ೪೦೦ಕ್ಕೆ ಬದಲು ೫೦೦ ಬರುತ್ತದೆ. ಅವನು ಇಳಿಸಿದ್ದರೆ, ನಾನೂ ಇಳಿಸಿದಾಗ ೧೫೦ಕ್ಕೆ ಬದಲು ೨೫೦ ಬರುತ್ತದೆ. ಹೇಗಾದರೂ ಇಳಿಸುವುದೇ ಲೇಸು. ಅವನೂ ಹೀಗೆಯೇ ಯೋಚಿಸುವನು. ಕೊನೆಗೆ ಇಬ್ಬರೂ ೨೫೦ರಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಒಬ್ಬನೇ ಕದಲಿದರೆ ಅವನಿಗೆ ನಷ್ಟ. ಆದುದರಿಂದ ಯಾರೂ ಕದಲುವುದಿಲ್ಲ.

ಮಿಕ್ಕವರು ತಮ್ಮ ನಡೆಯನ್ನು ಬದಲಿಸದಿರುವಾಗ, ತಾನೊಬ್ಬನೇ ಬದಲಿಸಿ ಯಾರೂ ಲಾಭ ಪಡೆಯಲಾರದ ಇಂತಹ ಸ್ಥಿತಿಗೆ "ನ್ಯಾಷ್ ಸಮತೋಲ" ಎಂದು ಹೆಸರು. ಇದು ನೆಲೆನಿಂತ ಸ್ಥಿತಿ. ಎಲ್ಲರಿಗೂ ಒಳ್ಳೆಯ ಸ್ಥಿತಿಯೇ ಆಗಬೇಕೆಂದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಇಬ್ಬರಿಗೂ ೪೦೦ ಬರುವ ದಾರಿ ಇದ್ದರೂ ಇಬ್ಬರೂ ೨೫೦ರಲ್ಲಿ ಸಿಕ್ಕಿಕೊಂಡರಲ್ಲವೆ?

ಇಂತಹ ಸಮತೋಲ ಪ್ರತಿಯೊಂದು ಆಟದಲ್ಲಿಯೂ ಇರುತ್ತದೆಯೆ? ಮಕ್ಕಳು ಆಡುವ ಕಲ್ಲು-ಕಾಗದ-ಕತ್ತರಿ ಆಟವನ್ನು ನೋಡಿ. ಕಲ್ಲನ್ನು ಕಾಗದ ಗೆಲ್ಲುತ್ತದೆ, ಕಾಗದವನ್ನು ಕತ್ತರಿ, ಕತ್ತರಿಯನ್ನು ಕಲ್ಲು. ಯಾವುದನ್ನು ಹಿಡಿದರೂ ನೆಲೆಯಿಲ್ಲ. ಆದರೆ ಮೂರನ್ನೂ ಯಾವ ಕ್ರಮವೂ ಇಲ್ಲದೆ, ಮೂರರಲ್ಲೊಂದರಂತೆ ಬೆರಸಿ ಆಡಿದರೆ ಎದುರಾಳಿಗೆ ನಮ್ಮನ್ನು ಮೀರಿಸುವ ಉಪಾಯವಿರುವುದಿಲ್ಲ. ಹೀಗೆ ಬೆರಸಿ ಆಡುವುದಕ್ಕೆ ಅವಕಾಶವಿತ್ತರೆ, ಆಡುವವರೂ ಅವರ ನಡೆಗಳೂ ಎಣಿಕೆಗೆ ಸಿಕ್ಕುವಷ್ಟಿರುವ ಪ್ರತಿಯೊಂದು ಆಟದಲ್ಲಿಯೂ ಒಂದಾದರೂ ಸಮತೋಲ ಇದ್ದೇ ಇರುತ್ತದೆಂದು ನ್ಯಾಷರು ಸಾಧಿಸಿದರು. ಸಾಧನೆಗೆ ಅವರು ಬಳಸಿದ ಉಪಕರಣ ಸ್ಥಿರಬಿಂದು ಪ್ರಮೇಯ. ಮೈಸೂರು ನಗರದ ಭೂಪಟವನ್ನು ಮೈಸೂರಿನೊಳಗೇ ಎಲ್ಲಿಯಾದರೂ ನೆಲದ ಮೇಲೆ ಹರಡಿದರೆ, ಪಟದಲ್ಲಿನ ಯಾವುದೋ ಒಂದು ಬಿಂದು ತಾನು ಸೂಚಿಸುವ ಜಾಗದ ಮೇಲೆಯೇ ಕುಳಿತಿರುತ್ತದೆ. ಈ ಸರಳ ಸತ್ಯದ ಬಂಧುವೇ ಆ ಪ್ರಮೇಯ. ಎಲ್ಲರೂ ತಮ್ಮ ತಮ್ಮ ನಡೆಯನ್ನು ಸುಧಾರಿಸಿಕೊಳ್ಳುತ್ತ ಹೋದರೂ ಕದಲದೆ ಉಳಿಯುವ ಬಿಂದುವೇ ಸಮತೋಲ.

ಈ ಫಲಿತಾಂಶವನ್ನು ಕುರಿತ ಅವರ ಪತ್ರ ೧೯೫೦ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ವರ್ಷ, ಮೂವತ್ತು ಪುಟಗಳನ್ನೂ ಮುಟ್ಟದ ಪ್ರಬಂಧಕ್ಕೆ ಡಾಕ್ಟೊರೇಟ್ ಪದವಿಯೂ ದೊರೆಯಿತು. ಮುಂದೆ ಅರ್ಥಶಾಸ್ತ್ರವು ಈ ಕಲ್ಪನೆಯನ್ನು ತನ್ನ ಅಡಿಗಲ್ಲುಗಳಲ್ಲೊಂದನ್ನಾಗಿ ಮಾಡಿಕೊಂಡಿತು. ೧೯೭೩ರಲ್ಲಿ ಜಾನ್ ಮೇನಾರ್ಡ್ ಸ್ಮಿತ್ ಮತ್ತು ಜಾರ್ಜ್ ಪ್ರೈಸ್ ಪ್ರಾಣಿಗಳ ಕಾದಾಟವನ್ನು ವಿವರಿಸುವುದಕ್ಕೂ ಇದರ ಹತ್ತಿರದ ಕಲ್ಪನೆಯೊಂದನ್ನು ಬಳಸಿದರು.

ತೆರೆಯ ಮೇಲೆ ತಪ್ಪಿದ ಲೆಕ್ಕ

ಚಿತ್ರದಲ್ಲಿ ಈ ಆವಿಷ್ಕಾರವನ್ನು ತೋರಿಸುವ ದೃಶ್ಯ ಬಹಳ ಪ್ರಸಿದ್ಧವಾಗಿದೆ. ಪಾನಗೃಹವೊಂದರಲ್ಲಿ ನ್ಯಾಷರೂ ಅವರ ಮಿತ್ರರೂ ಕುಳಿತಿರುವಾಗ ಹೊಂಗೂದಲಿನ ಸುಂದರಿಯೊಬ್ಬಳು ಗೆಳತಿಯರೊಡನೆ ಒಳಬರುತ್ತಾಳೆ. ಎಲ್ಲರೂ ಅವಳೊಬ್ಬಳ ಹಿಂದೆ ಬಿದ್ದರೆ ಒಬ್ಬರಿಗೊಬ್ಬರು ಅಡ್ಡಿಯಾಗಿ ಯಾರಿಗೂ ಅವಳ ಸ್ನೇಹ ದೊರೆಯದು. ಆಮೇಲೆ ಗೆಳತಿಯರ ಬಳಿ ಹೋದರೆ ಅವರೂ ಮುಖ ತಿರುಗಿಸುವರು. ಆದುದರಿಂದ ಆ ಸುಂದರಿಯತ್ತ ಯಾರೂ ಹೋಗದೆ ಎಲ್ಲರೂ ಮೊದಲೇ ಗೆಳತಿಯರೊಡನೆ ನರ್ತಿಸುವುದು ಲೇಸು ಎಂದು ಚಿತ್ರದ ನ್ಯಾಷ್ ವಾದಿಸುತ್ತಾನೆ. ತನಗೂ ಗುಂಪಿಗೂ ಒಳಿತಾದುದನ್ನು ಪ್ರತಿಯೊಬ್ಬನೂ ಮಾಡಿದರೆ ಉತ್ತಮ ಫಲ ಬರುತ್ತದೆಂಬುದೇ ಅವನ ಸಿದ್ಧಾಂತ.

ಇದನ್ನು ನಾವು ಈಗ ಕಲಿತ ಒರೆಗಲ್ಲಿಗೆ ಹಚ್ಚೋಣ. ಎಲ್ಲರೂ ಗೆಳತಿಯರತ್ತ ಹೋಗಿದ್ದಾರೆ. ಸುಂದರಿ ಒಬ್ಬಳೇ ನಿಂತಿದ್ದಾಳೆ. ಈ ಸ್ಥಿತಿಯಲ್ಲಿ ಒಬ್ಬ ಮಿತ್ರನು ಮನಸ್ಸು ಬದಲಿಸಿದರೆ? ಅವನಿಗೆ ಅಡ್ಡಿ ಯಾರೂ ಇಲ್ಲ. ಅವನು ಬದಲಿಸಿಯೇ ಬದಲಿಸುವನು. ಎಂದರೆ ಇದು ನೆಲೆನಿಲ್ಲುವ ಸ್ಥಿತಿಯಲ್ಲ; ನ್ಯಾಷ್ ಸಮತೋಲವಲ್ಲವೇ ಅಲ್ಲ! ಒಬ್ಬನು ಸುಂದರಿಯತ್ತಲೂ ಉಳಿದವರೆಲ್ಲ ಗೆಳತಿಯರತ್ತಲೂ ಹೋದ ಸ್ಥಿತಿ ಮಾತ್ರ ಸಮತೋಲವಾದೀತು. ಆಗ ಮೊದಲನೆಯವನಿಗೆ ಕದಲುವ ಕಾರಣವಿಲ್ಲ. ಉಳಿದವರು ಕದಲಿದರೆ ಅಡ್ಡಿಯಾಗಿ ಇದ್ದುದನ್ನೂ ಕಳೆದುಕೊಳ್ಳುವರು. ಎಲ್ಲರೂ ಒಪ್ಪಂದ ಮಾಡಿಕೊಂಡು ತ್ಯಾಗಮಾಡುವ ಕಥೆಯನ್ನು ಚಿತ್ರ ಹೇಳುತ್ತದೆ. ಹಾಗೆ ಒಪ್ಪಂದವಿಲ್ಲದ ಆಟಗಳನ್ನೇ ನ್ಯಾಷರು ತಮ್ಮ ಪ್ರಬಂಧದಲ್ಲಿ ವಿವೇಚಿಸಿದುದು. ಕಥೆಗೆ ಸುಲಭವಾಗಲೆಂದು ಮಾಡಿದ ಬದಲಾವಣೆ ಸಿದ್ಧಾಂತವನ್ನು ಬಹುಮಟ್ಟಿಗೆ ತಲೆಕೆಳಗು ಮಾಡಿಬಿಟ್ಟಿದೆ.

ಕಾಗದದ ಕೊಳವೆ

ನ್ಯಾಷರ ಹೆಸರು ಲೋಕಕ್ಕೆ ತಿಳಿದುದು ಆಟಗಳ ಸಿದ್ಧಾಂತದಿಂದ. ಆದರೆ ಗಣಿತಜ್ಞರು ಹೆಚ್ಚು ಬೆರಗಾಗುವುದು ೧೯೫೧ರ ಅನಂತರ, ಮಸಾಚುಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯಲ್ಲಿದ್ದಾಗ ಅವರು ಮಾಡಿದ ಕೆಲಸಕ್ಕೆ. ಚಿತ್ರದಲ್ಲಿ ಅದು ಕಂಡುಬರುವುದೇ ಕಡಿಮೆ.

ಒಂದು ಕಾಗದದ ಹಾಳೆಯನ್ನು ಸುರುಳಿ ಸುತ್ತಿ ಕೊಳವೆ ಮಾಡಬಹುದು. ಕಾಗದ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದರ ಮೇಲೆ ಎಳೆದ ಗೆರೆಯ ಉದ್ದ ಮೊದಲಿದ್ದಷ್ಟೇ ಇರುತ್ತದೆ. ಈಗ ಕೊಳವೆಯ ಎರಡು ತುದಿಗಳನ್ನು ಬಾಗಿಸಿ ಒಂದಕ್ಕೊಂದು ಕೂಡಿಸಿ ಸೈಕಲ್ಲಿನ ಟ್ಯೂಬಿನಂತೆ ಮಾಡಲು ಹೊರಟರೆ ಕಾಗದ ಮುದುರುತ್ತದೆ. ಹೊರಗಡೆ ಉದ್ದ ಸಾಲದು, ಒಳಗಡೆ ಹೆಚ್ಚಾಗುತ್ತದೆ. ಉದ್ದಗಳನ್ನು ಕೆಡಿಸದೆ ಇದನ್ನು ನುಣುಪಾಗಿ ಮಾಡುವುದು ಮೂರು ಆಯಾಮಗಳ ನಮ್ಮ ಲೋಕದಲ್ಲಿ ಅಸಾಧ್ಯ. ಆದರೆ ೧೯೫೪ರಲ್ಲಿ ನ್ಯಾಷರು ತೋರಿಸಿದ ಮಾರ್ಗದಲ್ಲಿ ಹೋದರೆ, ಮೇಲ್ಮೈಯಲ್ಲಿ ಸಣ್ಣ ಅಲೆಗಳನ್ನೂ, ಆ ಅಲೆಗಳ ಮೇಲೆ ಮತ್ತೂ ಸಣ್ಣ ಅಲೆಗಳನ್ನೂ ಕೊನೆಯಿಲ್ಲದೆ ಮೂಡಿಸುತ್ತ, ಯಾವ ಗೆರೆಯ ಉದ್ದವೂ ಕೆಡದಂತೆ ಅದನ್ನು ಸಾಧಿಸಬಹುದು! ಇದರ ಚಿತ್ರವನ್ನು ಫ್ರಾನ್ಸಿನ ಗಣಿತಜ್ಞರು ೨೦೧೨ರಲ್ಲಿ ಗಣಕಯಂತ್ರದ ಸಹಾಯದಿಂದ ಬಿಡಿಸಿ ಪ್ರಕಟಿಸಿದರು. ಇನ್ನೂ ಮುಂದುವರಿದು, ಆಯಾಮಗಳ ಸಂಖ್ಯೆಯನ್ನು ಸಾಕಷ್ಟು ಹೆಚ್ಚಿಸಿಕೊಂಡರೆ ಎಂತಹ ವಕ್ರ ಆಕಾಶವನ್ನಾದರೂ ನುಣುಪು ಕೆಡದಂತೆಯೇ ಸಾಧಾರಣ ಆಕಾಶದೊಳಗೆ ಕೂರಿಸಬಹುದೆಂದು ನ್ಯಾಷರು ೧೯೫೬ರಲ್ಲಿ ಸಾಧಿಸಿದರು. ಉಷ್ಣದ ಹರಿವು ಮುಂತಾದುವನ್ನು ವಿವರಿಸುವ ಸಮೀಕರಣಗಳನ್ನು ಕುರಿತು ಮುಂದಿನ ಎರಡು ವರ್ಷಗಳಲ್ಲಿ ಇನ್ನೊಂದು ಮಹತ್ವದ ಫಲಿತಾಂಶವನ್ನೂ ಪಡೆದರು. ಇಟಲಿಯ ಡಿ ಜಾರ್ಜಿ ಅದನ್ನೇ ಬೇರೊಂದು ದಾರಿಯಿಂದ ಸ್ವತಂತ್ರವಾಗಿ ಮುಟ್ಟಿದ್ದರು.

ಈ ಇಸವಿಗಳನ್ನು ವಾಚಕರು ನೆನಪಿನಲ್ಲಿಡಬೇಕು: ೧೯೫೦, ೧೯೫೪, ೧೯೫೬, ೧೯೫೮. ನ್ಯಾಷರ ಹಿರಿಯ ಕೆಲಸವೆಲ್ಲವೂ ಈ ಎಂಟು ಹತ್ತು ವರ್ಷಗಳೊಳಗೆ ಅಡಗಿದೆ. ರೋಗ ಬಂದುದು ಅದರ ಮೇಲೆ.

ಕತ್ತಲೆ ಕವಿದ ವರ್ಷಗಳು

೧೯೫೭ರಲ್ಲಿ ನ್ಯಾಷರು ಅಲಿಸಿಯಾ ಲಾರ್ಡೆಯವರನ್ನು ವಿವಾಹವಾದರು. ಎಲ್ ಸಾಲ್ವಡಾರ್ ದೇಶದಲ್ಲಿ ಹುಟ್ಟಿದ ಆಕೆ ಅದೇ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಭೌತಶಾಸ್ತ್ರವನ್ನು ಓದಿದ್ದವರು. ೧೯೫೯ರ ಆರಂಭದಲ್ಲಿ, ಆಕೆ ಗರ್ಭಿಣಿಯಾಗಿದ್ದಾಗ, ನ್ಯಾಷರ ಮಾತುಕತೆಗಳಲ್ಲಿ ವಿಚಿತ್ರ ಬದಲಾವಣೆ ಕಾಣಿಸಿಕೊಂಡಿತು. ವೃತ್ತಪತ್ರಿಕೆಯ ಮುಖಪುಟದಲ್ಲಿ ಅನ್ಯಲೋಕದವರ ಗೂಢ ಸಂದೇಶಗಳಿವೆ, ಅವುಗಳನ್ನು ಓದಬಲ್ಲವನು ತಾನೊಬ್ಬನೇ ಎಂದರು. ಕೆಂಪು ಕಂಠಪಟ್ಟಿ ಧರಿಸಿದವರೆಲ್ಲ ಒಂದು ಒಳಸಂಚಿಗೆ ಸೇರಿದವರೆಂದು ಭಾವಿಸಿದರು. ದೊಡ್ಡ ವಿಶ್ವವಿದ್ಯಾನಿಲಯವೊಂದು ಪ್ರಾಧ್ಯಾಪಕ ಸ್ಥಾನವನ್ನು ನೀಡಹೋದಾಗ, ತಾನು ಅಂಟಾರ್ಕ್ಟಿಕದ ಚಕ್ರವರ್ತಿಯಾಗಲಿರುವುದರಿಂದ ಅದನ್ನೊಪ್ಪಲಾರೆನೆಂದು ಉತ್ತರಿಸಿದರು.

ಆ ವಸಂತದಲ್ಲಿ ಅವರನ್ನು ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಗೆ ಸೇರಿಸಲಾಯಿತು. ವೈದ್ಯರು ಕಂಡ ರೋಗ ಸ್ಕಿಜೊಫ್ರೀನಿಯ. ಬಿಡುಗಡೆಯಾದೊಡನೆ ನ್ಯಾಷರು ಉದ್ಯೋಗಕ್ಕೆ ರಾಜೀನಾಮೆಯಿತ್ತು ಯೂರೋಪಿಗೆ ತೆರಳಿ, ಅಮೆರಿಕದ ಪೌರತ್ವವನ್ನೇ ತ್ಯಜಿಸಲು ಜಿನೀವಾದಲ್ಲಿ ಯತ್ನಿಸಿದರು. ೧೯೬೧ರಲ್ಲಿ ಟ್ರೆಂಟನ್ನಿನ ಸರಕಾರಿ ಆಸ್ಪತ್ರೆಯಲ್ಲಿ ಅವರಿಗೆ ಇನ್ಸುಲಿನ್ ಚಿಕಿತ್ಸೆ ನಡೆಯಿತು. ಇನ್ಸುಲಿನ್ನನ್ನು ಮಿತಿಮೀರಿ ಕೊಟ್ಟು, ರಕ್ತದ ಸಕ್ಕರೆಯನ್ನು ಇಳಿಸಿ, ರೋಗಿಯನ್ನು ಮೂರ್ಛೆಗೆ ಕೆಡವಿ ಮತ್ತೆ ಎಬ್ಬಿಸುವ ಈ ಘೋರ ಕ್ರಮವನ್ನು ವೈದ್ಯಶಾಸ್ತ್ರ ಮುಂದೆ ಕೈಬಿಟ್ಟಿತು.

೧೯೬೩ರಲ್ಲಿ ದಂಪತಿಗಳಿಗೆ ವಿಚ್ಛೇದನವಾಯಿತು. ರೋಗ ಕೊಂಚ ಇಳಿಮುಖವಾದ ಆ ದಶಕದ ನಡುವಣ ಕಾಲದಲ್ಲಿ ನ್ಯಾಷರು ಮತ್ತೆ ಒಂದಿಷ್ಟು ಒಳ್ಳೆಯ ಗಣಿತವನ್ನು ಬರೆದರು. ರೋಗ ಮರುಕಳಿಸಿದಾಗ ಅದೂ ನಿಂತಿತು. ೧೯೭೦ರಲ್ಲಿ ಅಲಿಸಿಯಾ ಅವರನ್ನು ಮತ್ತೆ ತಮ್ಮ ಮನೆಗೆ ಕರೆತಂದು ಇರಿಸಿಕೊಂಡರು. ಮುಂದಿನ ವರ್ಷಗಳಲ್ಲಿ ಪ್ರಿನ್ಸ್‌ಟನ್ನಿನ ಗಣಿತ ವಿಭಾಗದ ಕಪ್ಪು ಹಲಗೆಗಳ ಮೇಲೆ ವಿಚಿತ್ರವಾದ ಅಂಕಿಗಳನ್ನೂ ಒಗಟಿನಂತಹ ವಾಕ್ಯಗಳನ್ನೂ ಬರೆದು ಹೋಗುವ ಮೌನಿಯೊಬ್ಬರನ್ನು ವಿದ್ಯಾರ್ಥಿಗಳು ನೋಡುತ್ತಿದ್ದರು. ಪುಸ್ತಕಗಳಲ್ಲಿ ಓದಿದ್ದ ನ್ಯಾಷರು ಇವರೇ ಎಂದು ಎಷ್ಟೋ ಮಂದಿಗೆ ತಿಳಿಯದು.

ರೋಗದ ಸ್ವರೂಪ

ಸ್ಕಿಜೊಫ್ರೀನಿಯ ಎಂಬ ಹೆಸರನ್ನು ಸ್ವಿಸ್ ವೈದ್ಯ ಬ್ಲಾಯ್ಲರ್ ೧೯೦೮ರಲ್ಲಿ ಬಳಕೆಗೆ ತಂದರು. ಒಬ್ಬನಲ್ಲಿ ಇಬ್ಬರು ವ್ಯಕ್ತಿಗಳಿರುವ ರೋಗವಿದೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಇಲ್ಲಿ ಆಲೋಚನೆ, ಭಾವನೆ ಮತ್ತು ಇಂದ್ರಿಯಾನುಭವಗಳ ನಡುವಣ ಹೊಂದಿಕೆ ತಪ್ಪುತ್ತದೆ. ಆಧಾರವಿಲ್ಲದ ನಂಬಿಕೆಗಳು ಬೇರುಬಿಡುತ್ತವೆ, ಇಲ್ಲದ ಧ್ವನಿಗಳು ಕೇಳಿಸುತ್ತವೆ, ಉತ್ಸಾಹ ಬತ್ತುತ್ತದೆ. ಲೋಕದಲ್ಲಿ ಸುಮಾರು ೩೦೦ ಜನರಲ್ಲಿ ಒಬ್ಬರಿಗೆ ಈ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಾಗಿ ಅದು ತಲೆದೋರುವುದು ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ. ಎಂದರೆ ವಿದ್ಯಾಭ್ಯಾಸದ ಮತ್ತು ಉದ್ಯೋಗದ ಮೊದಲ ವರ್ಷಗಳಲ್ಲಿ. ಹೆಚ್ಚು ಓದುವುದು ಇದಕ್ಕೆ ಕಾರಣವಲ್ಲ. ದೆವ್ವದ ಕಾಟವಂತೂ ಅಲ್ಲವೇ ಅಲ್ಲ. ಅನುವಂಶೀಯತೆಯ ಪಾತ್ರ ದೊಡ್ಡದು. ಆದರೆ ಒಂದೇ ತತ್ತಿಯಿಂದಾದ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದರೂ ಇನ್ನೊಬ್ಬರಿಗೆ ಬರುವ ಸಂಭವ ಅರ್ಧಕ್ಕಿಂತ ಕಡಿಮೆ. ಆದುದರಿಂದ ಅನುವಂಶೀಯತೆಯೊಂದೇ ಕಾರಣವೆನ್ನುವಂತಿಲ್ಲ.

ಚಿಕಿತ್ಸೆಯ ಇತಿಹಾಸದಲ್ಲಿ ನಮ್ಮ ನಾಡಿನ ಮೂಲಿಕೆಯೊಂದಕ್ಕೂ ಸ್ಥಾನವಿದೆ. ಸರ್ಪಗಂಧದ ಬೇರು ರಕ್ತದ ಒತ್ತಡವನ್ನೂ ಬುದ್ಧಿಭ್ರಮಣೆಯ ಉದ್ರೇಕವನ್ನೂ ತಗ್ಗಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ೧೯೩೧ರಲ್ಲಿ ವರದಿಮಾಡಿದರು. ಅದರಿಂದ ತೆಗೆದ ರಿಸರ್ಪಿನ್ ೧೯೫೦ರ ದಶಕದಲ್ಲಿ ಪಶ್ಚಿಮದ ಆಸ್ಪತ್ರೆಗಳಲ್ಲಿಯೂ ಬಳಕೆಗೆ ಬಂದಿತು. ೧೯೫೨ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಯೋಗವಾದ ಕ್ಲೋರ್‌ಪ್ರೊಮಜಿನ್ ಅದನ್ನು ಹಿಂದೆ ಹಾಕಿತು. ಈ ಔಷಧ ಮತ್ತು ಇದರ ಅನಂತರ ಬಂದ ಬಹುತೇಕ ಔಷಧಗಳು, ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ಡೋಪಮಿನ್ ಎಂಬ ವಸ್ತುವಿನ ಕಾರ್ಯವನ್ನು ತಡೆಯುತ್ತವೆ. ರೋಗವನ್ನು ಬೇರುಸಹಿತ ಕೀಳಲು ಅವುಗಳಿಗೆ ಸಾಧ್ಯವಿಲ್ಲವಾದರೂ, ಸರಪಳಿಯ ಕೋಣೆಗಳಲ್ಲಿ ಕೊಳೆಯಬಹುದಾಗಿದ್ದ ಅಸಂಖ್ಯ ಜನರನ್ನು ಅವು ಮನೆಗೆ ಮರಳಿಸಿವೆ.

ಬೆಳೆಯದ ಬಾಲಕಿ

ಈಗ ಚಿತ್ರಕ್ಕೆ ಮರಳೋಣ. ಅದರಲ್ಲಿ ನ್ಯಾಷನಿಗೆ ವಿದ್ಯಾರ್ಥಿದೆಸೆಯಿಂದಲೂ ಒಬ್ಬ ಆಪ್ತಮಿತ್ರ; ಆ ಮಿತ್ರನಿಗೊಬ್ಬಳು ಪುಟ್ಟ ಸೋದರ ಸೊಸೆ; ಜೊತೆಗೆ ಗೂಢಲಿಪಿಗಳನ್ನು ಬಿಡಿಸಲು ನ್ಯಾಷನನ್ನು ನೇಮಿಸುವ ಸರಕಾರದ ಗುಪ್ತ ಅಧಿಕಾರಿ. ಚಿತ್ರ ಅರ್ಧ ಕಳೆಯುವವರೆಗೂ ಈ ಮೂವರೂ ನಿಜವೆಂದೇ ನಾವು ನಂಬಿರುತ್ತೇವೆ. ಆಮೇಲೆ ತಿಳಿಯುತ್ತದೆ, ಅವರು ಯಾರೂ ಇಲ್ಲವೇ ಇಲ್ಲ ಎಂದು!

ವಾಸ್ತವದಲ್ಲಿ ಆ ಮೂವರೂ ಚಿತ್ರಕಥೆಯ ಸೃಷ್ಟಿ. ನ್ಯಾಷರಿಗೆ ಹಾಗೆ ಮನುಷ್ಯಾಕೃತಿಗಳು ಕಾಣುತ್ತಿರಲಿಲ್ಲ. ಅವರಿಗೆ ಧ್ವನಿಗಳು ಕೇಳಿಸುತ್ತಿದ್ದುವು, ಅದೂ ರೋಗ ಬಂದು ಕೆಲವು ವರ್ಷಗಳ ಮೇಲೆ. ಈ ರೋಗದಲ್ಲಿ ಸಾಮಾನ್ಯವಾದುದೂ ಕಿವಿಯ ಭ್ರಮೆಯೇ. ದಂಪತಿಗಳ ವಿಚ್ಛೇದನವನ್ನು ಚಿತ್ರ ಮರೆಮಾಚಿದೆ. ಪ್ರಾಧ್ಯಾಪಕರು ಗೌರವಾರ್ಥವಾಗಿ ನ್ಯಾಷನ ಮುಂದೆ ತಮ್ಮ ಲೇಖನಿಗಳನ್ನಿರಿಸುವ ಹೃದಯಂಗಮ ದೃಶ್ಯವೂ ಕಲ್ಪಿತವೇ. ಪ್ರಿನ್ಸ್‌ಟನ್ನಿನಲ್ಲಿ ಅಂತಹ ಸಂಪ್ರದಾಯವಿಲ್ಲ. ಸ್ಟಾಕ್‌ಹೋಮಿನ ಸಮಾರಂಭದಲ್ಲಿ ಪತ್ನಿಯನ್ನು ಕುರಿತು ಮಾಡುವ ಭಾಷಣವನ್ನೂ ನ್ಯಾಷರು ಮಾಡಲಿಲ್ಲ.

ಇಷ್ಟಾದರೂ ಚಿತ್ರದ ಮುಖ್ಯ ಕಲ್ಪನೆಯನ್ನು ನಾವು ಮೆಚ್ಚದಿರಲಾರೆವು. ಭ್ರಮೆಯು "ನಾನು ಭ್ರಮೆ" ಎಂಬ ಹಣೆಚೀಟಿಯನ್ನು ಹಚ್ಚಿಕೊಂಡು ಬರುವುದಿಲ್ಲ. ರೋಗಿಗೆ ಅದು ಎದುರಿಗಿರುವ ಗೋಡೆಯಷ್ಟೇ ನಿಜ. "ಅಷ್ಟೂ ತಿಳಿಯದೆ?" ಎಂದು ರೋಗಿಯನ್ನು ಗದರಿಸುವವರಿಗೆ ಈ ಚಿತ್ರ ಉತ್ತರ ಕೊಡುತ್ತದೆ: ಒಂದು ಗಂಟೆಯ ಕಾಲ ನಿಮಗೂ ತಿಳಿಯಲಿಲ್ಲವಲ್ಲ!

ನ್ಯಾಷರು ಆಸ್ಪತ್ರೆಯಲ್ಲಿದ್ದಾಗ ಹಾರ್ವರ್ಡಿನ ಗಣಿತಜ್ಞ ಜಾರ್ಜ್ ಮ್ಯಾಕಿ ನೋಡಲು ಹೋಗಿದ್ದರು. ತರ್ಕವೇ ಉಸಿರಾದ ನಿಮ್ಮಂತಹವರು ಅನ್ಯಲೋಕದ ಜೀವಿಗಳನ್ನು ನಂಬುವುದು ಹೇಗೆ ಎಂದು ಅವರು ಕೇಳಿದರು. ಆ ವಿಚಾರಗಳು ತಮ್ಮ ಗಣಿತದ ವಿಚಾರಗಳು ಬಂದ ಹಾಗೆಯೇ ಬಂದುವು, ಆದುದರಿಂದ ನಂಬಿದೆ ಎಂಬುದು ನ್ಯಾಷರ ಉತ್ತರದ ಸಾರಾಂಶ. ಇದನ್ನು ಕೇಳಿ, ಪ್ರತಿಭೆಯೂ ಭ್ರಮೆಯೂ ಒಂದೇ ಎಂದು ಹೊರಟವರುಂಟು. ನಮಗೆ ತೋರುವುದು ಬೇರೆ. ಹೊಳೆಯುವ ಬಗೆ ಎರಡಕ್ಕೂ ಒಂದೇ ಇರಬಹುದು. ಭೇದವಿರುವುದು ಹೊಳೆದ ಮೇಲೆ ನಡೆಯುವ ಪರೀಕ್ಷೆಯಲ್ಲಿ. ಹೊಳೆದುದನ್ನು ಗಣಿತಜ್ಞನು ಹೆಜ್ಜೆ ಹೆಜ್ಜೆಗೂ ಸಾಧಿಸಿ, ತಪ್ಪು ಹುಡುಕುವುದಕ್ಕಾಗಿ ಬೇರೆಯವರ ಕೈಗೆ ಕೊಡುತ್ತಾನೆ. ಭ್ರಾಂತಿಯಾದರೋ ಪರೀಕ್ಷೆಗೆ ಒಡ್ಡಿಕೊಳ್ಳುವುದಿಲ್ಲ. ಎದುರು ಬಂದ ಪ್ರತಿಯೊಂದು ಆಕ್ಷೇಪವನ್ನೂ ಒಳಸಂಚಿನ ಇನ್ನೊಂದು ಗುರುತೆಂದು ನುಂಗಿಬಿಡುತ್ತದೆ.

ಚಿತ್ರದ ಎರಡು ದೃಶ್ಯಗಳು ಈ ವಿಷಯವನ್ನು ಸೊಗಸಾಗಿ ತೋರಿಸುತ್ತವೆ. ವರ್ಷಗಳು ಉರುಳಿದರೂ ಮಿತ್ರನ ಜೊತೆ ಬರುವ ಬಾಲಕಿ ಬೆಳೆದೇ ಇಲ್ಲವೆಂಬುದು ಒಂದು ದಿನ ನ್ಯಾಷನಿಗೆ ಹೊಳೆಯುತ್ತದೆ. ಆದುದರಿಂದ ಅವಳು ನಿಜವಿರಲಾರಳು. ಮುಂದೆ ಅಪರಿಚಿತನೊಬ್ಬ ಮಾತನಾಡಿಸಲು ಬಂದಾಗ, ಪಕ್ಕದ ವಿದ್ಯಾರ್ಥಿನಿಯನ್ನು, "ಇವರು ನಿನಗೂ ಕಾಣುತ್ತಿದ್ದಾರೆಯೆ?" ಎಂದು ನ್ಯಾಷ್ ವಿಚಾರಿಸಿಕೊಳ್ಳುತ್ತಾನೆ. ಒಂದು, ಪ್ರಕೃತಿನಿಯಮದೊಡನೆ ಹೊಂದಿಕೆಯ ಪರೀಕ್ಷೆ. ಇನ್ನೊಂದು, ಸ್ವತಂತ್ರ ಸಾಕ್ಷ್ಯದ ಪರೀಕ್ಷೆ. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇವೆರಡೇ. ನಿಜಜೀವನದ ನ್ಯಾಷರೂ, ತಮ್ಮ ಭ್ರಾಂತ ಆಲೋಚನೆಗಳಲ್ಲಿ ಕೆಲವನ್ನು ನಿಷ್ಪ್ರಯೋಜಕವೆಂದು ವಿಚಾರದಿಂದಲೇ ತಳ್ಳಿಹಾಕುತ್ತ ಬಂದುದಾಗಿ ತಮ್ಮ ಆತ್ಮವೃತ್ತಾಂತದಲ್ಲಿ ಬರೆದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಚಿತ್ರದ ಕೊನೆಯಲ್ಲಿ ನ್ಯಾಷ್ ತಾನು ಹೊಸ ಔಷಧಗಳನ್ನು ಸೇವಿಸುತ್ತಿರುವುದಾಗಿ ಹೇಳುತ್ತಾನೆ. ನಿಜವಾದ ನ್ಯಾಷರು ೧೯೭೦ರ ಮೇಲೆ ಔಷಧ ಸೇವಿಸಲಿಲ್ಲ. ಚಿತ್ರವನ್ನು ನೋಡಿದ ರೋಗಿಗಳು ತಾವೂ ಔಷಧವನ್ನು ನಿಲ್ಲಿಸಿಯಾರೆಂಬ ಭಯದಿಂದ ಚಿತ್ರಕಥೆಗಾರರು ಆ ಮಾತನ್ನು ಸೇರಿಸಿದರೆಂದು ನ್ಯಾಷರೇ ಮುಂದೆ ತಿಳಿಸಿದರು. ಸತ್ಯವನ್ನು ಬದಲಿಸಿದುದು ಸರಿಯೆ ಎಂಬುದು ಚರ್ಚಾಸ್ಪದ. ಆದರೆ ಆ ಭಯ ನಿರಾಧಾರವಲ್ಲ. ಔಷಧವನ್ನು ಹಠಾತ್ತಾಗಿ ನಿಲ್ಲಿಸಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚು. ನ್ಯಾಷರಂತೆ ಗುಣಮುಖರಾಗುವವರು ಇದ್ದಾರೆ. ಯಾರು ಹಾಗೆ ಆಗುವರೆಂದು ಮುಂಚಿತವಾಗಿ ಹೇಳುವ ಉಪಾಯ ವೈದ್ಯರಿಗೂ ತಿಳಿಯದು.

ಆಸರೆಯ ಬೆಲೆ

೧೯೮೦ರ ದಶಕದಲ್ಲಿ ನ್ಯಾಷರು ಮೆಲ್ಲಮೆಲ್ಲನೆ ಚೇತರಿಸಿಕೊಂಡರು. ೧೯೯೪ರಲ್ಲಿ ಹರ್ಸಾನಿ ಮತ್ತು ಸೆಲ್ಟನ್ ಎಂಬಿಬ್ಬರೊಡನೆ ಅವರಿಗೆ ನೊಬೆಲ್ ಸ್ಮಾರಕ ಅರ್ಥಶಾಸ್ತ್ರ ಪಾರಿತೋಷಕ ದೊರೆಯಿತು. ೨೦೦೧ರಲ್ಲಿ ಅವರೂ ಅಲಿಸಿಯಾರೂ ಮತ್ತೆ ವಿವಾಹವಾದರು. ೨೦೧೫ರಲ್ಲಿ ಲೂಯಿ ನಿರೆನ್‌ಬರ್ಗರೊಡನೆ ಗಣಿತದ ಆಬೆಲ್ ಪಾರಿತೋಷಕವನ್ನು ನಾರ್ವೆಯಲ್ಲಿ ಸ್ವೀಕರಿಸಿ ಹಿಂದಿರುಗುವಾಗ, ಮೇ ೨೩ರಂದು ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಟ್ಯಾಕ್ಸಿ ಅಪಘಾತಕ್ಕೀಡಾಗಿ ದಂಪತಿಗಳಿಬ್ಬರೂ ಒಟ್ಟಿಗೇ ತೀರಿಕೊಂಡರು.

ನಡುವಣ ಕತ್ತಲೆಯ ಕಾಲದಲ್ಲಿ ಅವರನ್ನು ಉಳಿಸಿದುದೇನು? ಪ್ರೇಮವೇ ರೋಗವನ್ನು ಗುಣಪಡಿಸಿತೆಂದು ಚಿತ್ರ ಸೂಚಿಸುತ್ತದೆ. ನಡೆದುದು ಅದಕ್ಕಿಂತ ಸಾದಾ ಸಂಗತಿ, ಅದಕ್ಕಿಂತ ದೊಡ್ಡದೂ ಹೌದು. ಮಲಗಲು ಒಂದು ಕೋಣೆ, ಹೊತ್ತಿಗೆ ಊಟ, ಹೋಗಿ ಕುಳಿತರೆ ಯಾರೂ ಅಟ್ಟದ ಗ್ರಂಥಾಲಯ, ಬರೆದರೆ ಯಾರೂ ಅವಮಾನಿಸದ ಕಪ್ಪು ಹಲಗೆ. ಇವಿಷ್ಟು ಅವರಿಗೆ ಸಿಕ್ಕಿದುವು.

ನಮ್ಮ ದೇಶದಲ್ಲಿಯೂ ಇಂತಹ ಜೀವನವೊಂದು ನಡೆದುಹೋಗಿದೆ. ಬಿಹಾರದ ವಸಿಷ್ಠ ನಾರಾಯಣ ಸಿಂಗರು ೧೯೬೯ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟೊರೇಟ್ ಪಡೆದರು. ಮುಂದೆ ಸ್ವದೇಶಕ್ಕೆ ಮರಳಿ ಕಾನ್ಪುರದ ಭಾರತೀಯ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಬೋಧಿಸಿದರು. ೧೯೭೦ರ ದಶಕದಲ್ಲಿ ಅವರಿಗೂ ಇದೇ ರೋಗ ತಗುಲಿತು. ೧೯೮೯ರಲ್ಲಿ ರೈಲು ಪ್ರಯಾಣದ ನಡುವೆ ಕಾಣೆಯಾದ ಅವರು ಮತ್ತೆ ಪತ್ತೆಯಾದುದು ೧೯೯೩ರಲ್ಲಿ. ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅವರಿಗೆ ಚಿಕಿತ್ಸೆ ನಡೆಯಿತು. ೨೦೧೯ರ ನವೆಂಬರ್ ೧೪ರಂದು ಪಾಟ್ನಾದಲ್ಲಿ ನಿಧನರಾದರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಇಬ್ಬರ ಗಣಿತವನ್ನು ತೂಗಿ ನೋಡುವುದು ನಮ್ಮ ಉದ್ದೇಶವಲ್ಲ. ನಾಲ್ಕು ವರ್ಷಗಳ ಕಾಲ ಒಬ್ಬ ಗಣಿತಜ್ಞ ಎಲ್ಲಿದ್ದನೆಂದು ಯಾರಿಗೂ ತಿಳಿಯದಿದ್ದ ಸಂಗತಿಯನ್ನು ಮಾತ್ರ ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಕೇಳಿದ ಪ್ರಶ್ನೆಗಳಿಗೆ ಈಗ ಉತ್ತರ ಹೇಳಬಹುದು. ನ್ಯಾಷರ ಪ್ರತಿಭೆ ರೋಗದ ಕೊಡುಗೆಯಲ್ಲ. ರೋಗ ಅವರಿಂದ ಸುಮಾರು ಇಪ್ಪತ್ತೈದು ಮೂವತ್ತು ವರ್ಷಗಳ ಗಣಿತವನ್ನು ಕಸಿದುಕೊಂಡಿತು. ಅವರ ಪ್ರತಿಭೆ ರೋಗಕ್ಕೆ ಕಾರಣವೂ ಅಲ್ಲ. ಈ ರೋಗ ಬರುವ ಅಸಂಖ್ಯ ಜನರು ನಮ್ಮ ನಿಮ್ಮಂತಹ ಸಾಧಾರಣರೇ. ಅವರಿಗೆ ನೊಬೆಲ್ ಪಾರಿತೋಷಕ ಬರುವುದಿಲ್ಲ, ಅವರನ್ನು ಕುರಿತು ಯಾರೂ ಚಿತ್ರ ತೆಗೆಯುವುದಿಲ್ಲ. ಆದರೆ ಕೋಣೆ, ಊಟ, ಔಷಧ ಮತ್ತು ಮರ್ಯಾದೆ ಇವು ಅವರಿಗೂ ಸಲ್ಲಬೇಕಾದುವು.

ಸಹಪಾಠಿಯೊಬ್ಬನು ಇದ್ದಕ್ಕಿದ್ದಂತೆ ಎಲ್ಲರಿಂದ ದೂರವಾದರೆ, ಇಲ್ಲದ ಧ್ವನಿಗಳಿಗೆ ಕಿವಿಗೊಟ್ಟರೆ, ಯಾರೋ ತನ್ನ ಬೆನ್ನುಹತ್ತಿದ್ದಾರೆಂದು ಬೆದರಿದರೆ, ಅವನನ್ನು ನಗೆಪಾಟಲಿಗೆ ಗುರಿಮಾಡದೆ ಹಿರಿಯರಿಗೆ ತಿಳಿಸಿರಿ. ವೈದ್ಯರ ಬಳಿಗೆ ಕರೆದೊಯ್ಯಲು ನೆರವಾಗಿರಿ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಯಲ್ಲಿ ಕರೆಮಾಡಿದರೆ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ. ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು.